ನಾಲ್ಕು ತಾಲ್ಲೂಕು, ಒಂದು ತೂಬು

ಪಿಎಚ್‌.ಡಿ. ಪ್ರವೇಶದ ಪಟ್ಟಿ ಹೊರಬಿದ್ದ ವಾರ ನಮ್ಮಂಥ ಹಳೆಯ ಸಂಶೋಧನಾ ವಿದ್ಯಾರ್ಥಿಗಳಿಗೆ ಇದ್ದಕ್ಕಿದ್ದಂತೆ ಬೇಡಿಕೆ ಬರುತ್ತದೆ. ಎಂ.ಎ. ಮುಗಿಸಿ ಬಂದವರು ಕ್ಯಾಂಟೀನಿನಲ್ಲಿ ಹಿಡಿದು ನಿಲ್ಲಿಸಿ ಕೇಳುವ ಮೊದಲ ಪ್ರಶ್ನೆ: "ಅಕ್ಕಾ, ಯಾವ ಟಾಪಿಕ್ ತಗೊಂಡ್ರೆ ಬೇಗ ಮುಗಿಯುತ್ತೆ?" ಎರಡನೆಯದು, "ಆ ಗೈಡ್ ಹೇಗೆ?" ಮೂರನೆಯದು, ಸ್ವಲ್ಪ ದನಿ ತಗ್ಗಿಸಿ, "ಫೆಲೋಶಿಪ್ ಸರಿಯಾಗಿ ಬರುತ್ತಾ?" ಇವು ತಪ್ಪು ಪ್ರಶ್ನೆಗಳಲ್ಲ. ತಲೆಯ ಮೇಲೆ ಆರು ವರ್ಷದ ಗಡುವು, ಮನೆಯಲ್ಲಿ "ಇನ್ನೂ ಓದೋದು ಮುಗಿಲಿಲ್ವಾ" ಅನ್ನುವ ನೆಂಟರು ಇರುವವರು ಕೇಳಲೇಬೇಕಾದವು. ಆದರೆ "ಮೊದಲ ದಿನ ಎಲ್ಲಿಗೆ ಹೋಗಲಿ, ಯಾರನ್ನು ಮಾತಾಡಿಸಲಿ?" ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನು ಸ್ವಲ್ಪ ಧೈರ್ಯದಿಂದ ಉತ್ತರಿಸಬಲ್ಲ ಪ್ರಶ್ನೆ ಅದೊಂದೇ. ಹಾಗಾಗಿ ಕೇಳದಿದ್ದರೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಷಯ ಕೆರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕು ತಾಲ್ಲೂಕುಗಳ ಕೆರೆಗಳನ್ನು ಯಾರು ಕಟ್ಟಿಸಿದರು, ಯಾರು ಕಾಯ್ದರು, ಯಾರು ಉಂಡರು ಎಂಬುದು ನನ್ನ ಪ್ರಬಂಧ. ನಂದಿಯ ಸುತ್ತಲ ಬೆಟ್ಟಗಳಲ್ಲಿ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಹುಟ್ಟುವುದು ನಿಜ, ಆದರೆ ವರ್ಷಪೂರ್ತಿ ಹರಿಯುವ ನದಿ ಈ ಸೀಮೆಯಲ್ಲಿ ಒಂದೂ ಇಲ್ಲ. ಮಳೆ ನೀರನ್ನು ಹಿಡಿದಿಟ್ಟು ಬದುಕಿದ ನಾಡು ಇದು. ಕೆರೆಯ ಚರಿತ್ರೆ ಬರೆಯುವುದೆಂದರೆ ಇಲ್ಲಿ ಅನ್ನದ ಚರಿತ್ರೆ ಬರೆಯುವುದು.

ಮೊದಲು ಟಾಪಿಕ್ಕಿನ ಮಾತು. ಬೇಗ ಮುಗಿಯುವ ಟಾಪಿಕ್ ಎಂಬುದಿಲ್ಲ, ಮತ್ತೆ ಮತ್ತೆ ಹೋಗಿಬರಬಹುದಾದ ಟಾಪಿಕ್ ಇದೆ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ವಾಪಸು ಬರುವಷ್ಟು ದೂರದ್ದನ್ನು ಆರಿಸಿಕೊಳ್ಳಿ. ಒಂದೇ ಊರಿಗೆ ಹತ್ತು ಸಲ ಹೋದಾಗ ಸಿಗುವುದು ಹತ್ತು ಊರಿಗೆ ಒಂದೊಂದು ಸಲ ಹೋದರೆ ಸಿಗುವುದಿಲ್ಲ. ಆದರೆ ಹತ್ತಿರದ್ದನ್ನು ಆರಿಸಿಕೊಂಡವರಿಗೆ ಒಂದು ತೊಡಕು ಕಾದಿರುತ್ತದೆ: ಇದು ನಮ್ಮ ಜಿಲ್ಲೆ, ನಮಗೆ ಗೊತ್ತು ಎಂಬ ಭಾವನೆ. ಗೊತ್ತಿರುವ ಊರನ್ನು ಗೊತ್ತಿಲ್ಲದವರ ಹಾಗೆ ಕೇಳಿಸಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು.

ಚಿಕ್ಕಬಳ್ಳಾಪುರದಿಂದ ಶುರುಮಾಡುತ್ತೇನೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ 'ಚಿಕ್ಕಬಳ್ಳಾಪುರ ಜಿಲ್ಲೆ' ಎಂದು ಹಾಕಿದರೆ ಹಳೆಯದೇನೂ ಹೆಚ್ಚಾಗಿ ಸಿಗುವುದಿಲ್ಲ. ಜಿಲ್ಲೆ ಆದದ್ದೇ 2007ರಲ್ಲಿ. ಅದಕ್ಕೆ ಹಿಂದಿನದನ್ನೆಲ್ಲ ಕೋಲಾರದ ಹೆಸರಿನಲ್ಲಿ ಹುಡುಕಬೇಕು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ನಮಗೆ ಬೇಕಾದದ್ದು ಹತ್ತನೆಯ ಸಂಪುಟ; 1905ರಲ್ಲಿ ಬಂದ ಕೋಲಾರ ಜಿಲ್ಲೆಯ ಶಾಸನಗಳು. ಅದರಲ್ಲಿ ಗೌರಿಬಿದನೂರು 'ಗೋರಿಬಿದನೂರ್' ಆಗಿರುತ್ತದೆ. ಊರಿನ ಹೆಸರು ಇಂಗ್ಲಿಷಿಗೆ ಹೋಗಿ ಬಂದಾಗ ಏನೇನಾಗುತ್ತದೆ ಎಂದು ಒಂದು ಪಟ್ಟಿ ಮಾಡಿಟ್ಟುಕೊಳ್ಳದೆ ಹಳೆಯ ಕಡತ, ಗೆಜೆಟಿಯರ್‌ಗಳಲ್ಲಿ ಏನನ್ನೂ ಹುಡುಕಲಾಗದು. ಈ ಪಟ್ಟಿ ಮಾಡುವುದೇ ನಿಮ್ಮ ಮೊದಲ ವಾರದ ಕೆಲಸವಾಗಲಿ.

ಆ ಸಂಪುಟದಲ್ಲಿ ಕೆರೆಯ ಶಾಸನಗಳು ಬೇಕಾದಷ್ಟಿವೆ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಮಾಡಿಸಿದವನಿಗೆ ಬಿಟ್ಟುಕೊಟ್ಟ ಗದ್ದೆಯ ಲೆಕ್ಕ ಅಲ್ಲಿರುತ್ತದೆ. 'ಕಟ್ಟುಕೊಡಗೆ', 'ದಸವಂದ' ಎಂಬ ಪದಗಳು ಬರುತ್ತವೆ. ಕೆರೆಯ ದುರಸ್ತಿಗೆ ಮಣ್ಣು ಹೊರಲು ಬಂಡಿ ಇಟ್ಟು, ಆ ಬಂಡಿಯ ಖರ್ಚಿಗೆ ಭೂಮಿ ಬಿಟ್ಟ ಉದಾಹರಣೆಗಳು ನಮ್ಮ ನಾಡಿನ ಶಾಸನಗಳಲ್ಲಿವೆ. ಕೊನೆಗೆ ಶಾಪ: ಈ ಧರ್ಮಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಓದುತ್ತಾ ಹೋದರೆ ಖುಷಿಯಾಗುತ್ತದೆ. ಆ ಖುಷಿಯಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕಲ್ಲನ್ನು ನಿಲ್ಲಿಸಿದವರು ಯಾರು, ಯಾಕೆ? ದಾನ ಕೊಟ್ಟವರು, ದಾನ ಪಡೆದವರು, ನಾಳೆ ಜಗಳ ಬರಬಾರದೆಂದು ನಿಲ್ಲಿಸಿದರು. ಆದ್ದರಿಂದ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಎಲ್ಲೆಕಟ್ಟಿನ ಹುಣಸೆಮರವೂ ಇದೆ. ಮಣ್ಣು ಹೊತ್ತವರ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಇದು ಶಾಸನದ ಮಾತಷ್ಟೇ ಅಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಹಾದುಹೋದ. ಬೆಳೆ, ಮಣ್ಣು, ನೀರು, ಕಸುಬು ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟವಾಗಿ ಬಂತು. ನಮಗೆ ಅದು ಬಂಗಾರದ ಗಣಿ. ಆದರೆ ಅವನನ್ನು ಕಳಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ. ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಮಾರಬಹುದು ಎಂದು ತಿಳಿಯಲು. ಆಕರವನ್ನು ಅನುಮಾನದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ಯಾರು, ಯಾರಿಗಾಗಿ ಬರೆದದ್ದು ಎಂದು ತಿಳಿದುಕೊಂಡು, ಅವರು ನೋಡಿದ್ದಕ್ಕೆ ಋಣಿಯಾಗಿ, ನೋಡದೆ ಬಿಟ್ಟದ್ದನ್ನು ಹುಡುಕಲು ಹೊರಡಿ.

ಹೊರಡುವಾಗ ಆ ಸಂಪುಟದ ಪುಟಗಳ ಪ್ರತಿ ಕೈಯಲ್ಲಿರಲಿ. ಕಲ್ಲು ಊರ ಬಡಗಣ ಹೊಲದಲ್ಲಿದೆ ಎಂದು ಪುಸ್ತಕ ಹೇಳುತ್ತದೆ. ನೂರಿಪ್ಪತ್ತು ವರ್ಷದಲ್ಲಿ ಹೊಲ ಲೇಔಟ್ ಆಗಿರುತ್ತದೆ, ಕಲ್ಲು ಚರಂಡಿಗೆ ಚಪ್ಪಡಿಯಾಗಿರುತ್ತದೆ, ಇಲ್ಲವೇ ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಸಿಕ್ಕಿದರೆ ಫೋಟೊ ತೆಗೆದು, ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ಅದೇ ದಿನ ಎಲ್ಲಾದರೂ ಒಂದು ಕಡೆ ಸೇರಿಸಿಡಿ. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಬೆಂಗಳೂರು ಈಗ ದೇವನಹಳ್ಳಿ ದಾಟಿ ನಮ್ಮ ಕಡೆಗೆ ಬರುತ್ತಿರುವ ವೇಗ ನೋಡಿದರೆ, ನಮ್ಮ ಕಲ್ಲುಗಳಿಗೂ ಹೆಚ್ಚು ಸಮಯವಿಲ್ಲ.

ಗೌರಿಬಿದನೂರು ತಾಲ್ಲೂಕು ಕಲಿಸುವುದು ಬೇರೆ ಪಾಠ. ಪಿನಾಕಿನಿಯ ದಡದ ವಿದುರಾಶ್ವತ್ಥಕ್ಕೆ ನಾನು ಹೋದದ್ದು ನಾಗರಕಲ್ಲುಗಳನ್ನು ನೋಡಲು ಅಲ್ಲ, ಒಂದು ಕಾಲುವೆಯ ಜಾಡು ಹಿಡಿದು. ಆದರೆ ಅಲ್ಲಿಗೆ ಹೋದ ಇತಿಹಾಸದ ವಿದ್ಯಾರ್ಥಿ 1938ರ ಏಪ್ರಿಲ್ 25ನ್ನು ದಾಟಿ ಬರಲಾರ. ಧ್ವಜ ಹಾರಿಸಬಾರದೆಂಬ ನಿಷೇಧ ಮುರಿಯಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಜಾತ್ರೆಗೆಂದು ಬಂದಿದ್ದವರೂ ಆ ಜನಸಂದಣಿಯಲ್ಲಿದ್ದರು. ಸತ್ತವರೆಷ್ಟು? ಸರ್ಕಾರ ಹೇಳಿದ ಸಂಖ್ಯೆ ಒಂದು, ಜನ ಹೇಳುವ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು, ಮೂವತ್ತು ದಾಟುತ್ತದೆ. ಸರ್ಕಾರ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಯಿತು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಒಪ್ಪಂದದ ವಿವರ ಪುಸ್ತಕಗಳಲ್ಲಿ ಚೆನ್ನಾಗಿ ಸಿಗುತ್ತದೆ. ಸತ್ತವರ ಲೆಕ್ಕ ಮಾತ್ರ ಇನ್ನೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹೊಸಬರು ಇಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ದೊಡ್ಡ ಸಂಖ್ಯೆಯನ್ನು ಹಾಕಿ ಅಡಿಟಿಪ್ಪಣಿ ಕೊಡುತ್ತಾರೆ, ಇಲ್ಲವೇ "ಅಧಿಕೃತ" ಎಂಬ ಪದಕ್ಕೆ ಮರುಳಾಗಿ ಸಣ್ಣದನ್ನು ಹಾಕುತ್ತಾರೆ. ಎರಡನ್ನೂ ಬರೆಯಿರಿ. ಅವು ಯಾಕೆ ಬೇರೆಯಾದವು ಎಂದು ಬರೆಯಿರಿ. ಗುಂಡೇಟು ತಿಂದವನನ್ನು ಮನೆಯವರು ಸದ್ದಿಲ್ಲದೆ ಊರಿಗೆ ಹೊತ್ತುಕೊಂಡು ಹೋಗಿದ್ದರೆ ಅವನು ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಬರುವುದಿಲ್ಲ. ಕೇಸು ಬೀಳುವ ಭಯವಿದ್ದ ಕಾಲದಲ್ಲಿ ಯಾರು ಹೆಸರು ಹೇಳುತ್ತಾರೆ? ಸಂಖ್ಯೆಗಳ ನಡುವಿನ ಆ ಅಂತರದಲ್ಲಿ ನಿಮ್ಮ ಅಧ್ಯಾಯ ಇರುತ್ತದೆ.

ಶಿಡ್ಲಘಟ್ಟದಲ್ಲಿ ಕಲಿಯಬೇಕಾದದ್ದು ಹೊತ್ತು. ದೇಶದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇರುವ ಊರು. ಸುತ್ತಲ ಹಳ್ಳಿಗಳ ಕೆರೆ ಬಯಲಿನಲ್ಲಿ ಹಿಂದೆ ಭತ್ತ ಇತ್ತು, ಈಗ ಬೋರ್‌ವೆಲ್ ನೀರಿನ ಹಿಪ್ಪುನೇರಳೆ ತೋಟ. ಈ ಬದಲಾವಣೆ ಕೇಳಬೇಕೆಂದು ಹೋದರೆ ಬಾಗಿಲಲ್ಲೇ ಉತ್ತರ: "ಹುಳ ನಾಲ್ಕನೇ ಜ್ವರ ಎದ್ದವೆ ಕಣಮ್ಮಾ, ಈಗ ಆಗಕಿಲ್ಲ." ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ನಮ್ಮವರು ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲಿನ ಒಂದು ವಾರದಲ್ಲೇ ಹುಳು ತನ್ನ ಜೀವಮಾನದ ಸೊಪ್ಪಿನ ಬಹುಪಾಲನ್ನು ತಿನ್ನುತ್ತದೆ. ಮನೆಮಂದಿಗೆಲ್ಲ ನಿದ್ದೆಯಿಲ್ಲ. ಹುಳು ಚಂದ್ರಿಕೆಗೆ ಏರಿ ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ ಎರಡು ದಿನ ಉಸಿರಾಡುವ ಬಿಡುವು. ಮಾತಾಡಬೇಕಾದದ್ದು ಆಗ. ಆ ದಿನ ರೇಟು ಚೆನ್ನಾಗಿ ಬಿದ್ದಿದ್ದರೆ ಕಾಫಿಯೂ ಸಿಗುತ್ತದೆ, ಮೂರು ತಲೆಮಾರಿನ ಕಥೆಯೂ ಸಿಗುತ್ತದೆ. ಹಾಗಾಗಿ ವಿಶ್ವವಿದ್ಯಾಲಯದ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಟ್ಟು ಊರಿನ ಕ್ಯಾಲೆಂಡರನ್ನು ಮೊದಲು ಕೇಳಿ.

ಇನ್ನೊಂದು ಮಾತು, ಇದನ್ನು ಕೋರ್ಸ್‌ವರ್ಕಿನಲ್ಲಿ ಹೇಳುವುದಿಲ್ಲ. ಬ್ಯಾಗು ಹಾಕಿಕೊಂಡು ನೋಟ್‌ಬುಕ್ ತೆಗೆದವರನ್ನು ಕಂಡರೆ ಜನ ಮೊದಲು ಕೇಳುವುದು, "ಸಂಘದ ಸಾಲದೋರಾ? ಸರ್ವೆಯೋರಾ?" ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ವಿಚಾರ ಬಂದಾಗಿನಿಂದ ಈ ಪ್ರಶ್ನೆ ಇನ್ನೂ ಹರಿತವಾಗಿದೆ. ಕೊಡುತ್ತೇವೆ ಎನ್ನುವವರು, ಕೊಡುವುದಿಲ್ಲ ಎನ್ನುವವರು ಒಂದೇ ಬೀದಿಯಲ್ಲಿದ್ದಾರೆ. ನೀವು ಕೆರೆಯ ಅಚ್ಚುಕಟ್ಟು ಎಷ್ಟು ಎಕರೆ ಎಂದು ಮುಗ್ಧವಾಗಿ ಕೇಳಿದರೂ ಅದು ಅವರ ಕಿವಿಗೆ ಮುಗ್ಧವಾಗಿ ಕೇಳಿಸುವುದಿಲ್ಲ. ಯಾರು, ಎಲ್ಲಿಂದ, ಈ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಿ. ರೆಕಾರ್ಡರ್ ಒತ್ತುವ ಮುಂಚೆ ಕೇಳಿ. ಬೇಡ ಎಂದರೆ ಫೋನನ್ನು ಬ್ಯಾಗಿನೊಳಗಿಟ್ಟು ಕೂತುಕೊಳ್ಳಿ, ರಾತ್ರಿ ಮಲಗುವ ಮುಂಚೆ ನೆನಪಿದ್ದಷ್ಟು ಬರೆದುಕೊಳ್ಳಿ. ಮರುದಿನಕ್ಕೆ ಬಿಟ್ಟರೆ ಅವರ ಮಾತು ನಿಮ್ಮ ಮಾತಾಗಿಬಿಡುತ್ತದೆ.

ಚಿಂತಾಮಣಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ನನ್ನ ಪ್ರಬಂಧದ ಬೆನ್ನುಮೂಳೆ ಸಿಕ್ಕಿದ್ದು ಅಲ್ಲಿ.

ಈ ಕಡೆಯವರಿಗೆ ಹೇಳಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಚಿಂತಾಮಣಿಯ ಎಷ್ಟೋ ಹಳ್ಳಿಗಳಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ತೆಲುಗಿನಲ್ಲಿ ಬರುತ್ತದೆ. ಶಾಲೆ, ಪಂಚಾಯಿತಿ, ಅರ್ಜಿ ಕನ್ನಡ. ಮನೆ, ಹೊಲ, ಬೈಗುಳ, ಜೋಗುಳ ತೆಲುಗು. ಕೈವಾರದ ತಾತಯ್ಯನವರು ಎರಡರಲ್ಲೂ ಹಾಡು ಕಟ್ಟಿದರು. ಯಾರಿಗೂ ಇದು ಸಮಸ್ಯೆಯಲ್ಲ, ಸಂಶೋಧಕರ ಹೊರತು. ನಮಗೆ ಪ್ರಶ್ನಾವಳಿ ಇರುವುದು ಕನ್ನಡದಲ್ಲಿ, ಅಥವಾ ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಅಲ್ಲಿ ಕೆರೆ ಎಂದರೆ ಚೆರುವು, ತೂಬು ಎಂದರೆ ತೂಮು, ಕೋಡಿ ಎಂದರೆ ಮರವ. ಪದ ಗೊತ್ತಿಲ್ಲದೆ ಹೋದರೆ ಆ ಪದದ ಹಿಂದಿನ ಕೆಲಸವೂ ಕಾಣುವುದಿಲ್ಲ.

ಅಂಥ ಒಂದು ಹಳ್ಳಿಯಲ್ಲಿ ನೀರುಗಂಟಿ ಮನೆತನದ ಒಬ್ಬ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದ ವಯಸ್ಸು. ನೀರುಗಂಟಿ ಎಂದರೆ ಕೆರೆಯ ನೀರನ್ನು ಹಂಚುವವರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ನೀರು ಕಡಿಮೆಯಾದ ವರ್ಷ ಕೊನೆಯ ಗದ್ದೆಯೂ ಒಣಗದಂತೆ ನೋಡಿಕೊಳ್ಳುವುದು, ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ಕಾವಲು ನಡೆಯುವುದು. ಕೂಲಿ ಎಂದರೆ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಒಂದಿಷ್ಟು ಧಾನ್ಯ. ನಮ್ಮ ಕಡೆ ಈ ಕೆಲಸ ಮಾಡುತ್ತಾ ಬಂದವರು ಹೆಚ್ಚಾಗಿ ದಲಿತ ಮನೆತನದವರು. ಊರಿನ ದೊಡ್ಡ ಜಮೀನಿನವರೂ ನೀರಿನ ಸರದಿಗೆ ಇವರ ಮಾತು ಕೇಳಬೇಕಿತ್ತು, ಆದರೆ ಇವರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ. ಈ ಎರಡೂ ಒಟ್ಟಿಗೆ ಹೇಗೆ ಇದ್ದವು ಎಂಬುದು ಯಾವ ಶಾಸನದಲ್ಲೂ ಇಲ್ಲ.

ಈಗ ಅವರ ಕೆರೆ ತುಂಬಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುವ ಯೋಜನೆಗಳನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರಕ್ಕೆ ಬಂತು, ಚಿಂತಾಮಣಿಯ ಕೆಲವು ಕೆರೆಗಳೂ ಆ ಯೋಜನೆಯಲ್ಲಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟದ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು. ಈ ನೀರು ಅಂತರ್ಜಲ ಏರಿಸಲು. ಕೆರೆಯಿಂದ ನೇರವಾಗಿ ಹೊಲಕ್ಕೆ ಹರಿಸುವಂತಿಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಇಲ್ಲಿಯ ಜನ ಕೇಳುತ್ತಲೇ ಇದ್ದಾರೆ.

ಏರಿಯ ಮೇಲೆ ಕೂತು ಆ ಹಿರಿಯರು ಹೇಳಿದ ಮಾತು ಇಷ್ಟು: "ಚೆರುವು ನಿಂಡಿಂದಮ್ಮಾ. ತೂಮು ಎತ್ತೇದಿ ಲೇದು." ಕೆರೆ ತುಂಬಿತು, ತೂಬು ಎತ್ತುವ ಹಾಗಿಲ್ಲ. ಆಮೇಲೆ ತುಂಬ ಹೊತ್ತು ಮಾತಾಡಿದರು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದನ್ನು ಸಂತೋಷದಿಂದಲೇ ಹೇಳಿದರು. ನೀರು ಬಂದರೆ ತಮ್ಮ ಕೆಲಸವೂ ವಾಪಸು ಬರುತ್ತದೆ ಎಂದುಕೊಂಡದ್ದನ್ನೂ ಹೇಳಿದರು. ಜೊತೆಗಿದ್ದ ಕಾಲೇಜು ಹುಡುಗ, ನನಗೆ ತೆಲುಗು ಬರುವುದು ತಿಳಿಯದೆ, ಅಷ್ಟನ್ನೂ ಒಂದೇ ವಾಕ್ಯಕ್ಕೆ ಇಳಿಸಿ ಅನುವಾದ ಮಾಡಿದ: "ಕೆರೆ ತುಂಬಿದೆ, ಖುಷಿಯಾಗಿದೆ ಅಂತಾರೆ ಮೇಡಂ."

ಹುಡುಗ ಸುಳ್ಳು ಹೇಳಲಿಲ್ಲ. ವರದಿಗಳೂ ಸುಳ್ಳು ಹೇಳುವುದಿಲ್ಲ. ಎಷ್ಟು ಕೆರೆ ತುಂಬಿತು, ಅಂತರ್ಜಲ ಎಷ್ಟು ಅಡಿ ಏರಿತು ಎಂಬ ಲೆಕ್ಕದಲ್ಲಿ ಆ ಕೆರೆ ಬದುಕಿದೆ. ಆದರೆ ಮುಂಚೆ ನೀರನ್ನು ಒಬ್ಬರು ಹಂಚುತ್ತಿದ್ದರು, ಕಡಿಮೆ ಇದ್ದದ್ದನ್ನು ಎಲ್ಲರಿಗೂ ಮುಟ್ಟಿಸುವ ಒಂದು ಕ್ರಮವಿತ್ತು. ಈಗ ನೀರು ನೆಲದೊಳಗೆ ಹೋಗುತ್ತದೆ, ಆಳವಾದ ಬೋರ್‌ವೆಲ್ ಕೊರೆಸುವ ಶಕ್ತಿ ಇದ್ದವರು ಎತ್ತಿಕೊಳ್ಳುತ್ತಾರೆ. ಕೆರೆ ಉಳಿದು ತೂಬು ಸತ್ತದ್ದು ಯಾವ ಅಂಕಿಅಂಶದ ಕಾಲಮ್ಮಿನಲ್ಲಿ ಬರುತ್ತದೆ? ಹೊಸದಾಗಿ ಬಂದವರಿಗೆ ನಾನು ಹೇಳಬಹುದಾದ ಅತಿ ಮುಖ್ಯ ಮಾತು ಇದೇ ಅನ್ನಿಸುತ್ತದೆ. ನಿಮ್ಮ ವಿಷಯ ಯಾವುದೇ ಇರಲಿ, ಅದರಲ್ಲಿ ಒಬ್ಬ ನೀರುಗಂಟಿ ಇರುತ್ತಾರೆ. ಕೆಲಸವೆಲ್ಲ ಅವರ ಕೈಯಿಂದ ಆಗಿರುತ್ತದೆ, ಆಕರಗಳಲ್ಲಿ ಅವರಿರುವುದಿಲ್ಲ. ಮೊದಲ ದಿನ ಹುಡುಕಿಕೊಂಡು ಹೋಗಬೇಕಾದದ್ದು ಅವರನ್ನು, ಅವರ ಭಾಷೆಯಲ್ಲಿ.

ಉಳಿದ ಎರಡು ಪ್ರಶ್ನೆಗಳಿಗೆ ಚುಟುಕಾಗಿ. ಗೈಡ್ ಒಳ್ಳೆಯವರೋ ಎಂದು ಕೇಳುವ ಬದಲು, ಕೊಟ್ಟ ಅಧ್ಯಾಯವನ್ನು ಓದಿ ವಾಪಸು ಕೊಡುತ್ತಾರೋ ಎಂದು ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಹಣದ ವಿಚಾರ: ಜೆಆರ್‌ಎಫ್ ಆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಎಂದು ಕಾಗದದಲ್ಲಿದೆ. ಆಗದವರ ಪಾಡು ಬೇರೆ, ಆದವರಿಗೂ ಅದು ತಿಂಗಳು ತಿಂಗಳು ಬರುತ್ತದೆಂದು ನಂಬಿ ಮನೆ ಬಾಡಿಗೆಗೆ ಹಿಡಿಯಬೇಡಿ. ಅತಿಥಿ ಉಪನ್ಯಾಸವೋ ಟ್ಯೂಷನ್ನೋ ಒಂದು ಆಸರೆ ಇರಲಿ. ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡುತ್ತೇವೆ ಎಂಬ ಜರ್ನಲ್‌ಗಳ ವಾಟ್ಸ್ಆ್ಯಪ್ ಸಂದೇಶಕ್ಕೆ ಬೀಳಬೇಡಿ. ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಹೇಳುತ್ತದೆಂದು ನೋಡಿಕೊಂಡರೆ ಸಾಕು. ಆ ದುಡ್ಡಿನಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹಳ್ಳಿಗೆ ಹೋಗಿಬರಬಹುದು.

ಹೋದ ಊರಿಗೆ ಏನಾದರೂ ವಾಪಸು ಕೊಡಿ. ನಾನು ಮಾಡುವುದು ಸಣ್ಣ ಕೆಲಸ. ಆ ಊರಿನ ಶಾಸನದ ಪುಟವನ್ನು ಜೆರಾಕ್ಸ್ ಮಾಡಿಸಿ, ಅರ್ಥವನ್ನು ಇವತ್ತಿನ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಶಾಲೆಗೊಂದು, ಪಂಚಾಯಿತಿಗೊಂದು, ಮಾತಾಡಿಸಿದವರಿಗೊಂದು ಕೊಡುತ್ತೇನೆ. ಆ ಹಿರಿಯರ ಮನೆಗೂ ಕೊಟ್ಟೆ. ಅವರ ಮೊಮ್ಮಗ ಡಿಗ್ರಿ ಓದುತ್ತಿದ್ದಾನೆ, ಜೋರಾಗಿ ಓದಿ ತಾತನಿಗೆ ತೆಲುಗಿನಲ್ಲಿ ಹೇಳಿದ. ಕೇಳಿ ಮುಗಿದ ಮೇಲೆ ತಾತ ಒಂದೇ ಮಾತು ಕೇಳಿದರು: "ಇಂದುಲೋ ಮಾ ವಾಳ್ಳ ಪೇರು ಲೇದಾ?" ಇದರಲ್ಲಿ ನಮ್ಮವರ ಹೆಸರಿಲ್ಲವಾ?

ನಮ್ಮ ಕ್ಷೇತ್ರಕಾರ್ಯದ ನಿಯಮ ಬೇರೆ ಹೇಳುತ್ತದೆ. ಮಾಹಿತಿ ಕೊಟ್ಟವರ ಹೆಸರನ್ನು ಮರೆಮಾಚಬೇಕು, 'ಮಾಹಿತಿದಾರ 14, ಪುರುಷ, 70+' ಎಂದು ಬರೆಯಬೇಕು. ಅವರಿಗೆ ತೊಂದರೆಯಾಗದಿರಲಿ ಎಂಬ ಒಳ್ಳೆಯ ಉದ್ದೇಶದ ನಿಯಮ, ಜಮೀನು ಜಗಳದ ಊರುಗಳಲ್ಲಿ ನಾನು ಅದನ್ನು ಅಕ್ಷರಶಃ ಪಾಲಿಸುತ್ತೇನೆ. ಆದರೆ ದಾನ ಕೊಟ್ಟವನ ಹೆಸರು ನೂರಾರು ವರ್ಷ ಕಲ್ಲಿನ ಮೇಲೆ ನಿಂತಿರುವ ಊರಿನಲ್ಲಿ, ನೀರು ಹಂಚಿದವರನ್ನು ನಾನು ಮತ್ತೊಮ್ಮೆ ಹೆಸರಿಲ್ಲದವರನ್ನಾಗಿ ಮಾಡಲೇ? ಹಾಗಾಗಿ ಕೇಳಿದೆ. ಹಾಕಿದರೆ ಏನಾಗಬಹುದು, ಯಾರು ಓದಬಹುದು ಎಂದೆಲ್ಲ ವಿವರಿಸಿ, ಮೊಮ್ಮಗನ ಎದುರಿಗೇ ಕೇಳಿದೆ. ಅವರು ತಮ್ಮ ಹೆಸರಿನ ಜೊತೆ ಅಪ್ಪನದು, ಅಪ್ಪನ ಅಪ್ಪನದು, ಮಳೆಯ ರಾತ್ರಿಗಳಲ್ಲಿ ಲಾಟೀನು ಹಿಡಿದು ಜೊತೆಗೆ ಏರಿಗೆ ಬರುತ್ತಿದ್ದ ಹೆಂಡತಿಯದು, ಎಲ್ಲವನ್ನೂ ನಿಧಾನವಾಗಿ ಹೇಳಿ ಬರೆಸಿದರು. ಬರೆದದ್ದನ್ನು ಮೊಮ್ಮಗನಿಂದ ಓದಿಸಿ ಕೇಳಿಸಿಕೊಂಡರು. ಒಂದು ಹೆಸರಿನ ದೀರ್ಘ ತಪ್ಪಿತ್ತು, ತಿದ್ದಿಸಿದರು.

ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಆ ನಾಲ್ಕು ಹೆಸರುಗಳಿವೆ. ಇಲ್ಲಿ ಬರೆದಿಲ್ಲ, ಯಾಕೆಂದರೆ ಇಲ್ಲಿಗಾಗಿ ಅವರನ್ನು ಕೇಳಿಲ್ಲ.